ಅಳತೆ ಬಾಯಿಬಿಟ್ಟು ಹೇಳದ ಅಕ್ಕ

ನಮ್ಮೂರ ಟೈಲರ್ ಅಕ್ಕನ ಎಡಗೈ ತೋರುಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾಗಿತ್ತು. ಅಳತೆ ತೆಗೆಯುವಾಗ ನಮ್ಮ ಕುತ್ತಿಗೆಗೆ ತಾಕಿದರೆ ಗೀರಿದಂತಾಗುತ್ತಿತ್ತು. ಸೂಲಿಬೆಲೆಯಲ್ಲಿ ಹಾಲಿನ ಡೈರಿಯ ಪಕ್ಕ ಅವಳದು ಒಂದೇ ಕೋಣೆಯ ಅಂಗಡಿ. ಯಾರ ಸೊಂಟದ ಅಳತೆಯನ್ನೂ ಆಕೆ ಬಾಯಿಬಿಟ್ಟು ಹೇಳಿದವಳಲ್ಲ, ಸುಮ್ಮನೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. "ದಪ್ಪ ಆಗಿದೀನಾ ಅಕ್ಕ?" ಎಂದು ಯಾರಾದರೂ ಕೇಳಿದರೆ, "ಆದ್ರೆ ಬಿಚ್ಚಿ ಹೊಲಿತೀನಿ ಬಿಡು, ನಾನ್ಯಾತಕ್ಕಿದೀನಿ?" ಎನ್ನುತ್ತಿದ್ದಳು.

ನಾನು ಹೊಸಕೋಟೆಯಲ್ಲಿ ಡಿಗ್ರಿ ಓದುತ್ತಿದ್ದಾಗ ನೋಡಲು ಬಂದ ಗಂಡಿನ ಕಡೆಯವರು ಕಾಫಿ ಕುಡಿದು ಎದ್ದು, "ಹುಡ್ಗಿ ಸ್ವಲ್ಪ ಮೈ ಇಳಿಸ್ಲಿ, ಆಮೇಲ್ ನೋಡಣ" ಎಂದರು. ಅಂದಿನಿಂದ ಮುದ್ದೆ ಬಿಟ್ಟೆ, ಅನ್ನ ಬಿಟ್ಟೆ. ಅಮ್ಮ ಕಟ್ಟಿಕೊಟ್ಟ ಡಬ್ಬಿಯನ್ನು ಬಸ್‌ಸ್ಟ್ಯಾಂಡಿನ ನಾಯಿಗಳಿಗೆ ಸುರಿದೆ. ಕೂದಲು ಉದುರಿತು, ಮುಟ್ಟು ನಿಂತಿತು. ಆದರೂ ನೋಡಿದವರೆಲ್ಲ ಚೆನ್ನಾಗಾಗಿದ್ದೀಯ ಎನ್ನುತ್ತಿದ್ದರಲ್ಲ, ಖುಷಿಯಾಗುತ್ತಿತ್ತು.

ಒಂದೇ ಚೂಡಿದಾರವನ್ನು ಮೂರನೇ ಸಲ ಟೈಟ್ ಮಾಡಿಸಲು ಹೋದಾಗ ಅಕ್ಕ ಟೇಪು ಕೆಳಗಿಟ್ಟಳು. ಬಾಗಿಲನ್ನು ಅರ್ಧ ಎಳೆದಳು.

"ಮಾಡಲ್ಲ ಕಣವ್ವ. ನನ್ ತಂಗಿನೂ ಹಿಂಗೇ ಉಣ್ಣೋದ್ ಬಿಟ್ಟಿದ್ಲು. ಬಂದಾಗೆಲ್ಲ ನಾನೇ ಬ್ಲೌಸು ಟೈಟ್ ಮಾಡ್ಕೊಟ್ಟೆ. ಸಣ್ಣಗಾಗಿ ಎಷ್ಟ್ ಲಕ್ಷಣವಾಗಿದೀಯೇ ಅಂತ ಈ ಬಾಯಲ್ಲೇ ಅಂದೆ." ಕೆಳಗಿಟ್ಟ ಟೇಪನ್ನು ಎತ್ತಿ ಸುತ್ತಿಟ್ಟಳು. "ಬಚ್ಚಲಲ್ಲಿ ಬಿದ್ದೋಳು ಏಳ್ಲೇ ಇಲ್ಲ. ಇಪ್ಪತ್ತೊಂದು ವರ್ಷ ಅವಳ್ಗೆ."

ತನ್ನ ಡಬ್ಬಿ ಬಿಚ್ಚಿ, ಮುದ್ದೆ ಮುರಿದು, ಸೊಪ್ಪಿನ ಸಾರಿನಲ್ಲಿ ಅದ್ದಿ ಕೊಟ್ಟಳು. ನಾಲ್ಕು ತುತ್ತು ನುಂಗುವಷ್ಟರಲ್ಲಿ ನಾನು ಬಿಕ್ಕಿ ಅಳುತ್ತಿದ್ದೆ. "ಇವತ್ತಿಗೆ ಇಷ್ಟ್ ಸಾಕು" ಎಂದು ಬೆನ್ನು ಸವರಿದಳು. ಮರುದಿನ ಅಂಗಡಿ ಮುಚ್ಚಿ, ಅಮ್ಮನಿಗೆ ಎಲ್ಲ ಹೇಳಿ, ನಮ್ಮಿಬ್ಬರನ್ನೂ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು.

ಸರಿಹೋಗಲು ನನಗೆ ಎರಡು ವರ್ಷ ಹಿಡಿಯಿತು. ಅಷ್ಟು ದಿನವೂ ಕಾಲೇಜಿನಿಂದ ಬರುವಾಗ ಅವಳ ಜೊತೆ ಕೂತು ಏನಾದರೂ ತಿಂದೇ ಮನೆ ಸೇರುತ್ತಿದ್ದೆ. ತಂಗಿಯ ಮಾತನ್ನು ಅವಳು ಮತ್ತೆಂದೂ ಎತ್ತಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ.

ಹೋದ ವರ್ಷ ಅಕ್ಕ ಹೊಲಿಗೆ ಮಿಷನ್ ಮುಂದೆ ಕೂತಿದ್ದಂತೆಯೇ ಎದೆನೋವೆಂದು ಕುಸಿದು ತೀರಿಕೊಂಡಳು. ಮದುವೆಯಾಗಿ ದೂರದಲ್ಲಿದ್ದ ನನಗೆ ಸುದ್ದಿ ತಡವಾಗಿ ಮುಟ್ಟಿತು, ಮಣ್ಣಿಗೆ ಹೋಗಲಾಗಲಿಲ್ಲ. ಮೂರನೇ ದಿನದ ಹಾಲುತುಪ್ಪಕ್ಕೆ ಹೋದೆ. ಊಟಕ್ಕೆ ಕೂತವಳು ಒಂದು ತುತ್ತೂ ಮುಟ್ಟದೆ ಎಲೆ ಮಡಿಸಲು ಹೊರಟಿದ್ದೆ. ಅವಳ ಮುದಿತಾಯಿ ಗೋಡೆ ಹಿಡಿದುಕೊಂಡು ಬಂದು ನನ್ನೆದುರು ಕೂತರು.

"ಇಬ್ರೂ ಹೋದ್ರು ಕಣವ್ವ. ನೀನಾದ್ರೂ ಉಣ್ಣು."

ಉಂಡೆ. ಅವರು ನೋಡುತ್ತಿರುವಂತೆಯೇ, ಎಲೆಯಲ್ಲಿ ಒಂದಗುಳೂ ಬಿಡದೆ ಉಂಡೆ.