ಗೋಡೆ ಕಡೆಯ ಕೆನ್ನೆ

ಇವತ್ತು ಸಂತೆಯಲ್ಲಿ ಎಳೆ ಸೋರೆಕಾಯಿ ಹಿಡಿದೆ. ಅದರ ಸಣ್ಣ ರೋಮ ಬೆರಳಿಗೆ ತಾಗಿದ್ದೇ ತಡ, ಹರಿಹರದ ನಮ್ಮಪ್ಪನ ಕ್ಷೌರದಂಗಡಿಗೆ ಹೋಗಿಬಿಟ್ಟೆ.

ಅಂಗಡಿ ಅಂದರೆ ಎರಡು ಕಟ್ಟಡಗಳ ನಡುವಿನ ಸಂದಿ. ಬಾಡಿಗೆ ಕಮ್ಮಿ ಅಂತ ಅಪ್ಪ ಹಿಡಿದದ್ದು. ಕುರ್ಚಿ ಗೋಡೆಗೆ ಅಂಟಿಕೊಂಡಿತ್ತು, ಆಚೆ ಹೋಗಿ ನಿಲ್ಲಲು ಜಾಗವೇ ಇರಲಿಲ್ಲ. ಹಾಗಾಗಿ ಈಚೆ ಕೆನ್ನೆಗೆ ಬಲಗೈ, ಗೋಡೆ ಕಡೆಯ ಕೆನ್ನೆಗೆ ಎಡಗೈ. ಕತ್ತಿ ಎರಡೂ ಕೈಗೆ ಒಗ್ಗಲೇಬೇಕು. ನನಗೆ ಅಪ್ಪ ಕೊಟ್ಟ ಮೊದಲ ಗಿರಾಕಿ ಸೋರೆಕಾಯಿ. ಸೋಪು ಹಚ್ಚಿ, ಸಿಪ್ಪೆ ಗೀರದಂತೆ ಎಡಗೈಯಲ್ಲಿ ರೋಮ ತೆಗೆಯಬೇಕು. ಸಂಜೆ ಅದನ್ನೇ ತೊಳೆದು ಪಲ್ಯಕ್ಕೆ ಹೆಚ್ಚುತ್ತಾ ಅವ್ವ, "ಯಪ್ಪಾ, ಇವತ್ತಿನ ಗಿರಾಕಿ ಬದುಕಂಗಿಲ್ಲ ಬಿಡು" ಅನ್ನೋಳು.

ಒಂದು ದಿನ ಅಪ್ಪನ ಎಡ ಹೆಬ್ಬೆರಳಿಗೆ ಕುರು ಎದ್ದಿತ್ತು. ಮಗಳ ನಿಶ್ಚಿತಾರ್ಥಕ್ಕೆ ಹೊರಟಿದ್ದ ಎಣ್ಣೆ ವ್ಯಾಪಾರಿ ಸಾಹೇಬರಿಗೆ ಈಚೆ ಕೆನ್ನೆ ಮುಗಿಸಿದ ಅಪ್ಪ, ಎಡಗೈಯಲ್ಲಿ ಕತ್ತಿ ಹಿಡಿಯಲಾಗದೆ ನಿಂತುಬಿಟ್ಟ.

"ಹುಡುಗನ ಕೈಗೆ ಕೊಡ್ರಿ" ಅಂದರು ಸಾಹೇಬರು. "ಅರ್ಧ ಗಡ್ಡದಾಗ ಬೀಗರ ಮುಂದೆ ಕೂಡ್ಲೇನು?"

ಗೀರಿದರೆ ಊರಿಗೆಲ್ಲ ಸುದ್ದಿ, ಅಪ್ಪನ ಅಂಗಡಿಗೆ ಬೀಗ. ಎಡಗೈಯಲ್ಲಿ ಕತ್ತಿ ಹಿಡಿದು ಮೆಲ್ಲಗೆ ಎಳೆದೆ. ಸಾಹೇಬರು ಗಟ್ಟಿಯಾಗಿ ಕಣ್ಣು ಮುಚ್ಚಿದರು. ಒಂದು ಹನಿ ರಕ್ತವೂ ಬರಲಿಲ್ಲ.

"ಹೆದರಿದ್ರಾ ಸಾಹೇಬ್ರೆ?"

"ನಿನಗಲ್ಲಲೇ. ಕನ್ನಡಿಯಾಗ ನಿಮ್ಮಪ್ಪನ ಮುಖ ನೋಡಕ್ಕಾಗ್ಲಿಲ್ಲ."

ಈಗ ದಾವಣಗೆರೆಯಲ್ಲಿ ನನ್ನದೇ ಅಂಗಡಿ, ತಿರುಗುವ ಕುರ್ಚಿಗಳು. ಮೊನ್ನೆ ಮಗಳು ಸ್ಕೂಟಿ ಕಲಿಯುವಾಗ ಹಿಂದೆ ಕೂತಿದ್ದೆ. ಸರ್ಕಲ್ ಬರುವ ಮುಂಚೆ ಗಾಡಿ ನಿಲ್ಲಿಸಿ ಕನ್ನಡಿಯನ್ನು ಆಚೆ ತಿರುಗಿಸಿದಳು.

"ಅಪ್ಪಾ, ನಿನ್ನ ಈ ಮುಖ ನೋಡ್ಕಂಡು ಗಾಡಿ ಓಡ್ಸಕ್ಕಾಗಲ್ಲ."