ನಗುವ ಮುಖದ ಮೇಲೆ ಬೆರಳು

ಅಂಗೈ ಅಗಲದ ಒಂದು ಕಾರ್ಡು. ಅದರಲ್ಲಿ ಸಾಲಾಗಿ ಆರು ದುಂಡು ಮುಖಗಳು. ಮೊದಲನೆಯದು ಬಾಯಿತುಂಬ ನಗುತ್ತದೆ, ಆಮೇಲಿನವು ಒಂದೊಂದಾಗಿ ಬಾಡುತ್ತಾ ಹೋಗುತ್ತವೆ, ಕೊನೆಯದು ಕಣ್ಣೀರು ಸುರಿಸುತ್ತದೆ. ಅದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಓದು ಬಾರದ ರೋಗಿಗೂ ಅರ್ಥವಾಗಲಿ ಎಂದು ಮಾಡಿದ ಚಿತ್ರವಂತೆ. ಎಷ್ಟು ನೋವಿದೆಯೋ ಅಂಥ ಮುಖದ ಮೇಲೆ ಬೆರಳಿಟ್ಟರೆ ಸಾಕು, ಡಾಕ್ಟರು ಅದನ್ನು ನೋಡಿ ಔಷಧ ಕೊಡುತ್ತಾರೆ. ಮಗುವಿಗೂ ತಿಳಿಯುತ್ತದೆ ಎಂದು ಆಸ್ಪತ್ರೆಯಲ್ಲಿ ಅಂದಿದ್ದರು. ಮಗುವಿಗೆ ತಿಳಿಯುತ್ತದೆ, ಸರಿ. ನನ್ನ ಅತ್ತೆ ಮಗುವಲ್ಲ, ಎಪ್ಪತ್ತು ದಾಟಿದ ಹೆಂಗಸು. ಅವರಿಗೆ ಬದುಕು ಬೇರೆಯೇ ಪಾಠ ಕಲಿಸಿತ್ತು.

ನಾನು ಉಡುಪಿ ಕಡೆಯವಳು. ಬೆಳೆದದ್ದು ಮುಂಬೈ ಪಕ್ಕದ ಠಾಣೆ ಊರಿನಲ್ಲಿ, ಅಪ್ಪನಿಗೆ ಅಲ್ಲೊಂದು ಸಣ್ಣ ಹೋಟೆಲಿತ್ತು. ಗಂಡ ವಿಜಯಪುರ ಕಡೆಯವರು, ನನ್ನದೇ ಆಫೀಸಿನವರು. ಮದುವೆಯಾಗಿ ಡೊಂಬಿವಲಿಯ ಅವರ ಮನೆಗೆ ಹೋದಾಗ ಅತ್ತೆಯ ಕನ್ನಡ ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವರಿಗೆ ಕಾಲುಪಾಲು. "ಏನವಾ, ಬುಕ್ ಓದಿದಂಗ ಮಾತಾಡ್ತಿ" ಎಂದು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. "ನೀವು ಎಂತ ಅತ್ತೆ, ಪ್ರೀತಿಯಲ್ಲಿ ಮಾತಾಡಿದರೂ ಬೈದ ಹಾಗೆ ಕೇಳ್ತದೆ" ಎನ್ನುತ್ತಿದ್ದೆ ನಾನು. ಹಾಗೆ ಜಗಳವಾಡುತ್ತಲೇ ನಾವಿಬ್ಬರೂ ಹತ್ತಿರವಾದೆವು. ನನ್ನ ಅಮ್ಮನ ಹತ್ತಿರ ಹೇಳದ್ದನ್ನೂ ಅವರ ಹತ್ತಿರ ಹೇಳಿದ್ದೇನೆ.

ಆ ಮನೆಯಲ್ಲಿ ನಾನು ಮೊದಲು ಕಲಿತದ್ದು, ಕೆಟ್ಟದ್ದನ್ನು ಬಾಯಲ್ಲಿ ಆಡಬಾರದು ಎಂಬುದನ್ನು. ಡಬ್ಬಿಯಲ್ಲಿ ಅಕ್ಕಿ ಮುಗಿದರೆ 'ಅಕ್ಕಿ ಇಲ್ಲ' ಅನ್ನುವಂತಿಲ್ಲ, 'ಅಕ್ಕಿ ಹೆಚ್ಚ್ಯಾವು' ಅನ್ನಬೇಕು. ದೀಪ ಆರಿತು ಅನ್ನುವಂತಿಲ್ಲ. ಒಮ್ಮೆ ಲೋಕಲ್ ರೈಲು ತಪ್ಪಿ, ಸಿಟ್ಟಿನಲ್ಲಿ ಮನೆಗೆ ಬಂದು "ಈ ಗರ್ದಿಯಲ್ಲಿ ಒಂದು ದಿನ ಸತ್ತೇ ಹೋಗ್ತೇನೆ" ಎಂದೆ. ಅತ್ತೆ ಓಡಿಬಂದು ನನ್ನ ಬಾಯಿಯ ಮೇಲೆ ಕೈಯಿಟ್ಟರು. "ಬಿಡ್ತು ಅನ್ನು! ಅಸ್ತು ದೇವತಿ ತಿರಗ್ಯಾಡತಿರ್ತಾಳ. ನೀ ಅಂದದ್ದಕ್ಕ ಆಕಿ ಅಸ್ತು ಅಂದ್ಲಂದ್ರ?" ಮನೆಯ ಮೇಲೆ ಸುಳಿದಾಡುವ ಆ ದೇವತೆಗೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ, ಕಿವಿಗೆ ಬಿದ್ದದ್ದಕ್ಕೆಲ್ಲ 'ಹಾಗೇ ಆಗಲಿ' ಎನ್ನುವುದೊಂದೇ ಅವಳ ಕೆಲಸ. ನಾನು ಬಿಡ್ತು ಅಂದೆ, ಅಂದು ನಕ್ಕೆ.

ಬೆನ್ನು ನೋವು ಶುರುವಾದಾಗ ವಾತ ಎಂದುಕೊಂಡೆವು. ಕಲ್ಯಾಣದ ಡಾಕ್ಟರೊಬ್ಬರು ಪರೀಕ್ಷೆ ಮಾಡಿಸಿ ನಮ್ಮನ್ನು ನವಿ ಮುಂಬೈಯ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಕ್ಯಾನ್ಸರು. ಎಲ್ಲಿಂದ ಹೊರಟಿತ್ತೋ, ನಮಗೆ ತಿಳಿಯುವ ಹೊತ್ತಿಗೆ ಬೆನ್ನಿನ ಮೂಳೆಗೆ ಇಳಿದಾಗಿತ್ತು. ಗುಣ ಮಾಡುವುದು ಕೈ ಮೀರಿದೆ, ನೋವಾಗದಂತೆ ನೋಡಿಕೊಳ್ಳಬಹುದು ಎಂದರು. ಅದಕ್ಕೇ ಬೇರೆ ವಿಭಾಗ, ಬೇರೆ ಡಾಕ್ಟರು. ಅಂದರೆ ನಮ್ಮ ಪಾಲಿಗೆ ಉಳಿದದ್ದು ಒಂದೇ ಒಂದು: ಅತ್ತೆ ನೋವಿಲ್ಲದೆ ಹೋಗುವುದು. ನಾನು ದೇವರ ಹತ್ತಿರ ಬೇರೆ ಏನನ್ನೂ ಕೇಳಲಿಲ್ಲ.

ಡೊಂಬಿವಲಿಯಿಂದ ಆ ಆಸ್ಪತ್ರೆಗೆ ಶೀಳಫಾಟಾ ದಾಟಿ ಹೋಗಬೇಕು. ಹೊಂಡ ಬಿದ್ದ ರಸ್ತೆ, ಮುಂದೆ ಹಿಂದೆ ಲಾರಿ. ಟ್ಯಾಕ್ಸಿ ಎತ್ತಿ ಹಾಕಿದಾಗಲೆಲ್ಲ ಅತ್ತೆ ನನ್ನ ಮಣಿಕಟ್ಟು ಹಿಡಿಯುತ್ತಿದ್ದರು. ಬಾಯಿಂದ ಒಂದು 'ಹಾ' ಕೂಡ ಹೊರಡಲಿಲ್ಲ. ಇಳಿದು ನೋಡಿದರೆ ನನ್ನ ಕೈಯ ಮೇಲೆ ಅವರ ಉಗುರಿನ ಗುರುತುಗಳಿದ್ದವು.

ಡಾಕ್ಟರು ಮರಾಠಿ ಹುಡುಗಿ, ನನಗಿಂತ ಚಿಕ್ಕವಳು, ಮಾತು ಮೃದು. ಆ ಮುಖಗಳ ಕಾರ್ಡನ್ನು ಅತ್ತೆಯ ಮಡಿಲಲ್ಲಿಟ್ಟು, ಎಷ್ಟು ನೋವಿದೆ ಆಜೀ, ಬೆರಳಿಟ್ಟು ತೋರಿಸಿ ಎಂದು ಮರಾಠಿಯಲ್ಲಿ ಕೇಳಿದಳು. ಅತ್ತೆಗೆ ಅಷ್ಟು ಮರಾಠಿ ಬರುತ್ತಿತ್ತು. ಕಾರ್ಡನ್ನು ನೋಡಿದರು, ಪಕ್ಕದಲ್ಲಿ ನಿಂತ ಮಗನ ಮುಖ ನೋಡಿದರು, ನಗುವ ಮುಖದ ಮೇಲೆ ಬೆರಳಿಟ್ಟರು. "ಬರಂ ಆಹೆ" ಅಂದರು. ಆರಾಮ ಇದ್ದೇನೆ ಅಂತ.

"ಸುಳ್ಳು!" ಎಂದೆ ನಾನು. ಕೈ ಚಾಚಿ ಉಗುರಿನ ಗುರುತು ತೋರಿಸಿದೆ. ಡಾಕ್ಟರು ನನ್ನ ಗಂಡನ ಕಡೆ ನೋಡಿದಳು. ಅವರು ತಡವರಿಸಿ, "ಘರ್ ಪೇ ಭೀ ಠೀಕ್ ಹೀ ಬೋಲ್ತೀ ಹೈ" ಎಂದರು. ಮನೆಯಲ್ಲೂ ಆರಾಮ ಅಂತಲೇ ಹೇಳುತ್ತಾಳೆ ಅಂತ. ಮಾರ್ಫಿನ್ ಬಹಳ ಜೋರು ಔಷಧ, ರೋಗಿಯೇ ನೋವಿಲ್ಲ ಅನ್ನುವಾಗ ಈ ವಯಸ್ಸಿನವರಿಗೆ ಶುರು ಮಾಡಲಾಗುವುದಿಲ್ಲ, ಮನೆಯವರು ಭಯಕ್ಕೆ ಹೆಚ್ಚು ಹೇಳುವುದುಂಟು, ರೋಗಿ ಸ್ವತಃ ತೋರಿಸುವುದೇ ಮುಖ್ಯ ಎಂದು ಅವಳು ಸಮಾಧಾನವಾಗಿ ವಿವರಿಸಿದಳು. ಮಾಮೂಲಿ ಗುಳಿಗೆ ಬರೆದುಕೊಟ್ಟು, ಕಾರ್ಡು ನಮ್ಮ ಕೈಗೇ ಕೊಟ್ಟು, ದಿನಾ ಕೇಳಿ, ಹೆಚ್ಚಾದರೆ ಫೋನ್ ಮಾಡಿ ಅಂದಳು. ಅವಳ ಮೇಲೆ ಸಿಟ್ಟು ಮಾಡುವುದಕ್ಕೂ ನನಗೆ ಏನೂ ಸಿಗಲಿಲ್ಲ.

ಗಂಡ ಆ ಕಾರ್ಡನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಸಂಜೆ ಆಫೀಸಿನಿಂದ ಬಂದವರು ಬೂಟು ಬಿಚ್ಚುವ ಮೊದಲೇ ಅದನ್ನು ಕಿತ್ತುಕೊಂಡು ಹೋಗಿ, "ಅವ್ವಾ, ಇವತ್ತ ಯಾವ್ದು?" ಎಂದು ಕೇಳುತ್ತಿದ್ದರು. ಅತ್ತೆ ನಗುವ ಮುಖ ತೋರಿಸುತ್ತಿದ್ದರು. ಮಗನಿಗೆ ಅಷ್ಟು ಸಾಕು. ಮುಖ ಅರಳುತ್ತಿತ್ತು, ಚಹಾ ಇಳಿಯುತ್ತಿತ್ತು. ಆಫೀಸಿಗೆ ರಜೆ ಹಾಕಿ ಮನೆಯಲ್ಲಿದ್ದ ನಾನು ಇಡೀ ದಿನ ನೋಡಿದ್ದೇ ಬೇರೆ. ಮಗ್ಗುಲು ಬದಲಿಸುವಾಗ ಅವರು ಮಂಚದ ಕಂಬಿ ಹಿಡಿದು ಉಸಿರು ಬಿಗಿಹಿಡಿಯುವುದು, ಹಣೆಯ ಮೇಲೆ ಬೆವರೊಡೆಯುವುದು. ಒಮ್ಮೆ ನನ್ನ ಮಗಳು ಅಪ್ಪನ ಎದುರಿಗೇ ಹೇಳಿದಳು, "ಆಜೀ ಝೂಟ್ ಬೋಲ್ತೀ ಹೈ ಪಪ್ಪಾ. ಚಾದರ್ ಮುಂಹ್ ಮೇ ದಬಾಕೆ ರಖ್ತೀ ಹೈ." ಅಜ್ಜಿ ಸುಳ್ಳು ಹೇಳುತ್ತಾರೆ, ಹೊದಿಕೆ ಬಾಯಿಗೆ ತುರುಕಿಕೊಳ್ಳುತ್ತಾರೆ ಅಂತ. ಅವಳಿಗೆ ಬೈಗುಳ ಸಿಕ್ಕಿತು.

ಒಂದು ಮಧ್ಯಾಹ್ನ ನಾವಿಬ್ಬರೇ ಇದ್ದಾಗ ನಾನು ಬಿಡಲಿಲ್ಲ. "ಅತ್ತೆ, ನನ್ನ ಮೇಲಾಣೆ. ಯಾಕೆ ಅದನ್ನೇ ತೋರಿಸ್ತೀರಿ?"

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಅಲ್ಲವಾ, ಅಳೋ ಮಾರಿ ಮ್ಯಾಲ ನಾ ಬೆರಳಿಟ್ಟೆ ಅಂತ ತಿಳಿ. ಆಕಿ ಅಸ್ತು ಅಂದ್ಲು. ಆಮ್ಯಾಲ? ಈ ಮನ್ಯಾಗ ನನ್ನ ಮಗ ಅದಾನ, ನೀ ಅದಿ, ಕೂಸ ಐತಿ. ಕಣ್ಣೀರ ನಾ ಕೈಯಾರೆ ತೋರಿಸಿ ಕರಿಯಬೇಕೇನು? ನಗೋದ ಇರ್ಲಿ ಬಿಡು."

ನಾವು ನೋವು ಕೇಳುತ್ತಿದ್ದೆವು, ಅವರು ದಿನಾ ಸಂಜೆ ನಮಗೆ ಹಾರೈಸುತ್ತಿದ್ದರು. ನನಗೆ ಅಳಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಗಂಡನಿಗೆ ಹೇಳಿದೆ. "ನಮ್ಮವ್ವ ಸುಳ್ಳ ಹೇಳಾಕಿ ಅಲ್ಲ" ಎಂದರು. ಆಮೇಲೆ ಒಳಗಿದ್ದದ್ದು ಹೊರಬಂತು: "ಮಾರ್ಫಿನ್ ಅಂದ್ರ ಕಡೀದು. ಅದನ್ನ ಕೊಟ್ಟ ಮ್ಯಾಲ ಮತ್ತ ಎಬ್ಬಸಾಕ ಆಗೂದಿಲ್ಲ."

"ಹೆದರಿಕೆ ನಿಮ್ಮದು, ನೋವು ಅವರದ್ದು ಮಾರಾಯ್ರೆ! ಇದು ಯಾವ ನ್ಯಾಯ?" ಎಂದು ಕಿರುಚಿದೆ. ಎದುರು ಮನೆಯವರು ಬಾಗಿಲು ತೆರೆದು ನೋಡಿದರು.

ಡಾಕ್ಟರಿಗೆ ಫೋನ್ ಮಾಡಿ, ಅತ್ತೆ ಕೊನೆಯ ಮುಖ ತೋರಿಸಿದರು ಎಂದು ಹೇಳಿಯೂ ನೋಡಿದೆ. ಪಾಪ, ಅವಳು ಕೂಡಲೇ ವಿಡಿಯೋ ಕಾಲ್ ಮಾಡಿದಳು. ಮೊಬೈಲಿನಲ್ಲಿ ಡಾಕ್ಟರಮ್ಮನ ಮುಖ ಕಂಡದ್ದೇ ಅತ್ತೆ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಬಾಯಿತುಂಬ ನಕ್ಕು, "ಬರಂ ಆಹೆ ಬಾಯೀ, ತುಮೀ ಕಶಾ?" ಎಂದು ಅವಳನ್ನೇ ವಿಚಾರಿಸಿಕೊಂಡರು. ಡಾಕ್ಟರೂ ನಕ್ಕಳು. ನನ್ನ ಮಾತಿಗೆ ಅಲ್ಲಿಗೆ ಬೆಲೆ ಹೋಯಿತು.

ಹೀಗೆ ಮಳೆಗಾಲ ಕಳೆಯಿತು. ಅತ್ತೆ ಚಾಪೆಯ ಹಾಗೆ ತೆಳ್ಳಗಾದರು. ಒಂದು ದಿನ ನಮ್ಮ ಕಟ್ಟಡದ ಸೊಸೈಟಿಯಲ್ಲಿ ನೀರು ಬರಲಿಲ್ಲ, ಟ್ಯಾಂಕರ್ ತರಿಸಿದ್ದರು. ನಾನು ಬಕೆಟು ಹೊತ್ತು ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಿದ್ದರೆ ಅತ್ತೆ ಮಲಗಿದಲ್ಲಿಂದಲೇ ಚೇಷ್ಟೆ ಮಾಡಿದರು. "ಒಂದ ಬಕೀಟಿಗೆ ಹಿಂಗಾದಿ! ನಾವು ತಲಿ ಮ್ಯಾಲ ಎರಡ ಕೊಡ, ಸೊಂಟದಾಗ ಒಂದು. ಹೊರೂದು ದೊಡ್ಡದಲ್ಲ ತಂಗಿ, ಇಳಿಸಿಕೊಳ್ಳಾಕ ಮನ್ಯಾಗ ಒಬ್ಬರು ಬೇಕು. ಯಾರೂ ಇಲ್ಲಂದ್ರ ಹೊಸ್ತಿಲದಾಗ ಹಂಗ ನಿಂದರಬೇಕು."

ತುಂಬಿದ ಕೊಡ! ಅದು ಶುಭ. ಎದುರಿಗೆ ಬಂದರೆ ಅತ್ತೆ ನಿಂತು ಕೈ ಮುಗಿಯುವವರು. ಅದರ ಮೇಲೆ ಬೆರಳಿಡಲು ಅವರು ಹೆದರುವುದಿಲ್ಲ ಎಂದು ನನಗೆ ಅಲ್ಲೇ ಹೊಳೆಯಿತು. ಮಗಳ ಡ್ರಾಯಿಂಗ್ ಹಾಳೆ ಎಳೆದುಕೊಂಡು ಸಾಲಾಗಿ ಹೆಂಗಸರನ್ನು ಬರೆದೆ. ಒಬ್ಬಳು ಕೈಬೀಸಿ ನಡೆಯುತ್ತಾಳೆ, ಒಬ್ಬಳಿಗೆ ಸೊಂಟದಲ್ಲಿ ಒಂದು ಕೊಡ, ಇನ್ನೊಬ್ಬಳಿಗೆ ತಲೆಯ ಮೇಲೊಂದು ಸೊಂಟದಲ್ಲೊಂದು, ಕೊನೆಯವಳಿಗೆ ಮೂರು. ನನ್ನ ಚಿತ್ರಕಲೆ ದೇವರಿಗೇ ಪ್ರೀತಿ. ಕೊಡಗಳು ಬದನೆಕಾಯಿಯ ಹಾಗಿದ್ದವು.

ಗಂಡ ಬರುವವರೆಗೆ ಕಾದೆ. ಅವರು ಕಾರ್ಡಿಗೆ ಕೈ ಹಾಕುವ ಮೊದಲೇ ಹಾಳೆಯನ್ನು ಅತ್ತೆಯ ಮುಂದೆ ಹಿಡಿದು ಕೇಳಿದೆ. "ಅತ್ತೆ, ನಿಮ್ಮ ಬೆನ್ನಿನ ಮೇಲೆ ಇವತ್ತು ಎಷ್ಟು ಭಾರ ಇದೆ? ಇವರಲ್ಲಿ ನೀವು ಯಾರು?"

ಅವರು ಯೋಚಿಸಲೇ ಇಲ್ಲ. ಮೂರು ಕೊಡದವಳ ಮೇಲೆ ಬೆರಳಿಟ್ಟರು. ಬೆರಳು ಅಲ್ಲೇ ನಿಂತಿತು.

"ಇಕಿಗೆ ಇನ್ನೂ ಹೊರಸ್ಯಾರ. ನಿನಗ ಚಿತ್ರ ತಗಿಯಾಕ ಬಂದಿಲ್ಲ" ಎಂದರು. ಆಮೇಲೆ, ನಮ್ಮಿಬ್ಬರನ್ನೂ ನೋಡದೆ, ಹಾಳೆಯ ಹೆಂಗಸಿನ ಹತ್ತಿರವೇ ಮಾತಾಡುವ ಹಾಗೆ: "ಎಷ್ಟೊತ್ತಾತು ನಿಂತು. ಯಾರರ ಇಳಿಸಿಕೊಳ್ಳಬಾರ್ದೇನು?"

ಗಂಡ ಅಡುಗೆಮನೆಗೆ ಹೋಗಿ ಕುಳಿತರು. ಅವರು ಅಳುವುದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅತ್ತೆಗೆ ಕೇಳಿಸಬಾರದೆಂದು ಟೀವಿ ಜೋರು ಮಾಡಿದೆ.

ಮರುದಿನ ಗಂಡನೇ ಹಾಳೆ ತೆಗೆದುಕೊಂಡು ನವಿ ಮುಂಬೈಗೆ ಹೋದರು. ಡಾಕ್ಟರು ಅದನ್ನು ತುಂಬ ಹೊತ್ತು ನೋಡಿದಳಂತೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಲಿಲ್ಲವಂತೆ, ಅವಳ ಪುಣ್ಯ. ಮಾರ್ಫಿನ್ ಬರೆದುಕೊಟ್ಟಳು. ಇಷ್ಟರಿಂದಲೇ ಶುರು ಮಾಡಬೇಕು, ಹೀಗೆ ಕೊಡಬೇಕು ಎಂದು ಎಲ್ಲ ಹೇಳಿ ಕಳಿಸಿದಳು.

ಎರಡು ದಿನ. ಆ ಎರಡು ದಿನ ನಾನು ನನ್ನ ಹಳೆಯ ಅತ್ತೆಯನ್ನು ನೋಡಿದೆ. ಕಂಬಿ ಹಿಡಿಯದೆ ಮಗ್ಗುಲಾದರು. ಹಗಲಲ್ಲೇ ಬಾಯಿ ತೆರೆದು ಗೊರಕೆ ಹೊಡೆದರು. ಎಚ್ಚರವಾದಾಗ ಹಾಲಿನಲ್ಲಿ ಮುರಿದ ಜೋಳದ ರೊಟ್ಟಿ ಕೇಳಿ ತಿಂದರು, ನಾನು ಮಾಡಿದ ರೊಟ್ಟಿಯನ್ನು ಎತ್ತಿ ಹಿಡಿದು, "ಇದು ರೊಟ್ಟಿನೋ, ಭಾರತದ ನಕಾಶಿನೋ?" ಎಂದು ಮೊಮ್ಮಗಳನ್ನು ನಗಿಸಿದರು. ಆ ಎರಡೂ ಸಂಜೆ ಯಾರೂ ಏನೂ ತೋರಿಸಿ ಅನ್ನಲಿಲ್ಲ. ಮೂರನೆಯ ಬೆಳಿಗ್ಗೆ ಚಹಾ ಕೊಡಲು ಎಬ್ಬಿಸಿದರೆ ಏಳಲಿಲ್ಲ.

ರೋಗವೇ ಕೊನೆಯ ಹಂತಕ್ಕೆ ಬಂದು ಮುಟ್ಟಿತ್ತು, ಗುಳಿಗೆಯ ಪ್ರಮಾಣ ಬಹಳ ಸಣ್ಣದಿತ್ತು, ಅದರಿಂದ ಏನೂ ಆದದ್ದಲ್ಲ ಎಂದು ಡಾಕ್ಟರು ಫೋನಿನಲ್ಲಿ ಬಿಡಿಸಿ ಬಿಡಿಸಿ ಹೇಳಿದಳು. ಕೇಳುವವರು ಯಾರು? ಟಿಟ್ವಾಳಾದಿಂದ ಗಂಡನ ಅಕ್ಕ ಬಂದರು. ಬಂದವರೆಲ್ಲರ ಎದುರಿಗೆ ಅದೇ ಮಾತು: "ದಿನಾ ನಗೋ ಮಾರಿ ತೋರಸ್ತಿದ್ಲು ನಮ್ಮವ್ವ. ಒಂದ ದಿನಾನೂ ನೋವು ಅನ್ಲಿಲ್ಲ. ಆ ಅಫೀಮಿನ ಗುಳಿಗಿ ಹಾಕಿದ್ರು ನೋಡ್ರಿ, ಎರಡ ದಿನದಾಗ ಹೋದ್ಲು." ಕೂತವರು ನಾಲಿಗೆ ಲೊಚಗುಟ್ಟಿ ನನ್ನ ಕಡೆ ನೋಡುತ್ತಿದ್ದರು, ಹಾಳೆ ಬರೆದವಳು ನಾನಲ್ಲವೇ. ನಾನು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಅವರಿಗೆಲ್ಲ ಚಹಾ ಕೊಟ್ಟೆ. ಗಂಡ ನೆಲ ನೋಡುತ್ತಾ ಕೂತಿದ್ದರು. ಒಂದು ಮಾತು, ಒಂದೇ ಒಂದು ಮಾತು ಆಡಬಹುದಿತ್ತು ಅವರು.

ಎಲ್ಲರೂ ಹೋದ ಮೇಲೆ ಅವರು ನನ್ನನ್ನು ಕೇಳಿದರು. "ಅಕ್ಕ ಅನ್ನೂದು ಖರೆ ಏನು? ನಾವ ಕೊಟ್ಟ ಗುಳಿಗಿಯಿಂದನ ಹೋದ್ಲೇನು ಅವ್ವ?"

"ಅಲ್ಲ ಮಾರಾಯ್ರೆ. ಅದರಿಂದ ಎರಡು ದಿನ ಬದುಕಿದರು. ಅದಕ್ಕೂ ಮೊದಲು ಇಡೀ ಮಳೆಗಾಲ ಅವರು ಬದುಕಿರಲಿಲ್ಲ."

ಅವರು ಹೂಂ ಅಂದರು. ನಂಬಿದ ಹೂಂ ಅಲ್ಲ ಅದು. ಒಂದು ವಾರ ಬಿಟ್ಟು ಮತ್ತೆ ಅದನ್ನೇ ಕೇಳಿದರು, ವರ್ಷಾಂತಿಕದ ದಿನ ಕೇಳಿದರು. ಮೊನ್ನೆ ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ, ಕೈಯಲ್ಲಿ ತರಕಾರಿ ಚೀಲ, ಹಿಂದಿನಿಂದ ಜನ ನೂಕುತ್ತಿದ್ದಾರೆ, ಅವರು ನಿಂತುಬಿಟ್ಟರು. ಏನಾಯಿತು ಎಂದು ತಿರುಗಿ ನೋಡಿದೆ.

"ಖರೆ ಹೇಳು" ಎಂದರು, "ನಾವ ಕೊಂದಿವೇನು?"