ಕಾರ್ಡಿನವರು ವಿಚಾರಿಸಲು ಬಂದ ದಿನ

ನನಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಕೂತರೂ ಕಾಲು ಕುಣಿಯುತ್ತಲೇ ಇರುತ್ತದೆ. "ನಿಮ್ಮ್ ಕಾಲಿಗೊಂದ್ ಡೈನಮೋ ಕಟ್ಟಿರೆ ಫ್ಯಾಕ್ಟರಿಗೆ ಕರೆಂಟ್ ಬಿಲ್ಲೇ ಬಪ್ಪುದಿಲ್ಲ" ಎಂದು ಹೆಂಡತಿ ಕುಟುಕುತ್ತಿದ್ದಳು. ಆ ವರ್ಷ ಎರಡು ಕಾರ್ಡುಗಳು ನನ್ನನ್ನು ಇನ್ನಷ್ಟು ಕುಣಿಸಿದವು.

ಕುಂದಾಪುರದಿಂದ ಹಾಲಾಡಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಗೇರುಬೀಜದ ಕಾರ್ಖಾನೆ. 1997ರಲ್ಲಿ ನಾನೂ ನನ್ನ ಹೆಂಡತಿಯ ತಮ್ಮನೂ ಸಮಪಾಲಿನಲ್ಲಿ ಶುರು ಮಾಡಿದ್ದು. ಬೀಜ ಬೇಯಿಸುವುದರಿಂದ ಹಿಡಿದು ಡಬ್ಬಿ ಮುಚ್ಚುವವರೆಗಿನ ಕೆಲಸ ಅವನದು. ಊರೂರು ಸುತ್ತಿ ಮಾರುವುದು ನನ್ನದು. ಮೊದಮೊದಲು ಬಾಂಬೆ ಬಸ್ಸು, ಆಮೇಲೆ ರೈಲು, ವ್ಯಾಪಾರ ಕುದುರಿದ ಮೇಲೆ ಮಂಗಳೂರಿನಿಂದ ವಿಮಾನ. ತಿಂಗಳಿಗೆ ಮೂರು ನಾಲ್ಕು ಸಲ ಹಾರಾಟ. ಅವನು ವಿಮಾನ ನೋಡಿದ್ದು ನನ್ನನ್ನು ಬಿಡಲು ಬಂದಾಗ ಮಾತ್ರ, ಅದೂ ಬೇಲಿಯ ಹೊರಗಿನಿಂದ.

ಒಂದು ದಿನ ಬ್ಯಾಂಕಿನ ಏಜೆಂಟನೊಬ್ಬ ಮೇಜಿನ ಮೇಲೆ ಎರಡು ಹೊಳೆಯುವ ಕಾಗದ ಹರಡಿದ. ಒಂದು ವಿಮಾನ ಕಂಪನಿಯ ಕ್ರೆಡಿಟ್ ಕಾರ್ಡು. ನನ್ನೊಬ್ಬನ ಹೆಸರಿಗೆ. ಹಾರಿದ ಪ್ರತಿ ಮೈಲಿಗೂ ಪಾಯಿಂಟು, ವಿಮಾನ ನಿಲ್ದಾಣದಲ್ಲಿ ಕಾಯಲು ಮೆತ್ತನೆ ಸೋಫಾದ ಲೌಂಜು, ವರ್ಷಕ್ಕೊಂದು ಟಿಕೆಟಿಗೆ ಇನ್ನೊಂದು ಉಚಿತ. ಎರಡನೆಯದು ವ್ಯಾಪಾರಸ್ಥರ ಪ್ರಯಾಣದ ಕಾರ್ಡು. ಸಂಸ್ಥೆಯ ಹೆಸರಿಗೆ, ಇಬ್ಬರು ಪಾಲುದಾರರಿಗೂ ಒಂದೊಂದು, ಪಾಯಿಂಟೆಲ್ಲ ಸಂಸ್ಥೆಗೆ. ಲೌಂಜು ಇಲ್ಲ, ಠಾಕುಠೀಕು ಇಲ್ಲ. ಆಡಿಟರಿಗೆ ಮಾತ್ರ ಸುಖ.

ಎರಡು ವಾರ ಆ ಕಾಗದಗಳು ನನ್ನೊಂದಿಗೇ ತಿರುಗಿದವು. ಅಂಗಿಯ ಕಿಸೆಯಿಂದ ಕಾರಿಗೆ, ಕಾರಿನಿಂದ ದೇವರ ಕೋಣೆಯ ಕಪಾಟಿಗೆ. ಬೆಳಿಗ್ಗೆ ಸಂಸ್ಥೆಯ ಕಾರ್ಡೇ ನ್ಯಾಯ ಅನ್ನಿಸುತ್ತಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ, ಸೊಂಟ ನೋಯಿಸಿಕೊಂಡು ತಿರುಗುವವನು ನಾನು, ಪಾಯಿಂಟು ಬೇರೆಯವರಿಗೇಕೆ ಅನ್ನಿಸುತ್ತಿತ್ತು. ಟಿಕೆಟಿನ ದುಡ್ಡು ಸಂಸ್ಥೆಯದು ಎಂಬುದನ್ನು ಮಾತ್ರ ಮನಸ್ಸು ಉಪಾಯವಾಗಿ ಮರೆಯುತ್ತಿತ್ತು. ಹೆಂಡತಿ ಹೇಳಿದ್ದು ಒಂದೇ ಮಾತು: "ಯಾವ್ದಾರೂ ತಕಣಿ. ತಮ್ಮನತ್ರ ಒಂದ್ ಮಾತ್ ಹೇಳಿ." ನಾನು ಹೇಳಲಿಲ್ಲ. ವಿಮಾನದ ಕಾರ್ಡಿನ ಫಾರಮ್ಮು ತುಂಬಿ, ಕಾರ್ಖಾನೆಯಲ್ಲಿ ನಾನು ಪಾಲುದಾರ ಎಂದು ಬರೆದು ಕಳಿಸಿ, ಮುಂಬಯಿಗೆ ಹೊರಟುಬಿಟ್ಟೆ.

ನಾನು ಊರಿಗೆ ಮರಳಿದ ಮೇಲೆ, ತಿಂಗಳೊಳಗೆ ಅರ್ಜಿ ತಿರಸ್ಕೃತವಾಯಿತು. ಏಜೆಂಟನಿಗೆ ಫೋನು ಮಾಡಿ ಹಾರಾಡಿದೆ. ಅವನು ತಡವರಿಸಿದ. "ಸರ್, ವಿಚಾರಣೆಗೆ ನಮ್ಮವರು ನಿಮ್ಮ ಫ್ಯಾಕ್ಟರಿಗೆ ಹೋಗಿದ್ದರು. ನೀವು ಅಲ್ಲಿ ಸಂಬಳಕ್ಕಿರುವವರಂತೆ. ಮಾಲೀಕರು ನಿಮ್ಮ ಭಾವಮೈದುನರೊಬ್ಬರೇ ಅಂತೆ. ಅವರೇ ಬಾಯಿಬಿಟ್ಟು ಹೇಳಿದ್ದಾರೆ."

ಹದಿಮೂರು ವರ್ಷ ಜೊತೆಯಲ್ಲಿ ದುಡಿದವನು, ನಾನು ಊರು ಬಿಟ್ಟ ಹೊತ್ತು ನೋಡಿ ನನ್ನನ್ನು ಆಳು ಮಾಡಿಬಿಟ್ಟನೇ? ಕಾರು ಹತ್ತಿ ನೇರ ಕಾರ್ಖಾನೆಗೆ ಹೋದೆ. ದಾರಿಯುದ್ದಕ್ಕೂ ಪಾಲು ಮುರಿಯುವ ಲೆಕ್ಕಾಚಾರವೇ. ಅವನು ಬಾಯ್ಲರಿನ ಹತ್ತಿರ ನಿಂತಿದ್ದ.

"ಹ್ವಾಯ್ ಮಾಲೀಕ್ರೆ, ನಂಗ್ ಸಂಬ್ಳ ಯಾವತ್ತ್ ಕೊಡ್ತ್ರಿ?" ಎಂದು ಬಾಗಿಲಿನಿಂದಲೇ ಕೂಗಿದೆ. ಸಿಪ್ಪೆ ಸುಲಿಯುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ನೋಡಿದರು.

ಅವನು ಓಡಿ ಬಂದು ನನ್ನ ರಟ್ಟೆ ಹಿಡಿದು ಆಫೀಸಿನೊಳಗೆ ಎಳೆದುಕೊಂಡ.

"ಮೆಲ್ಲ ಮಾತಾಡಿ ಬಾವ. ನೀವ್ ಮುಂಬೈಯಗೆ ಇಪ್ಪತಿಗೆ ಇನ್ಕಮ್ ಟ್ಯಾಕ್ಸಿನವ ಬಂದಿದ್ದ. ಟೈ ಕಟ್ಟಿ, ಫೈಲ್ ಹಿಡ್ಕಂಡ್. ಫ್ಯಾಕ್ಟರಿಯಗೆ ನಿಮ್ಮ್ ಪಾಲ್ ಎಷ್ಟ್, ಕಾರ್ ಯಾರದ್, ಮನಿ ಸ್ವಂತದ್ದಾ ಬಾಡ್ಗಿದಾ, ಎಲ್ಲಾ ಕೇಂಡ. ನಾ ಎಂತ ಹೇಳೂದ್? ಅವ್ರದ್ ಎಂತದೂ ಇಲ್ಲ, ಎಲ್ಲಾ ನಂದೇ, ಅವ್ರ್ ಬರೀ ಸಂಬ್ಳಕ್ ಇಪ್ಪವ್ರ್ ಅಂದೆ. ನಿಮ್ಗ್ ಬಿಪಿ ಇತ್ತ್. ಎಳ್ಕಂಡ್ ಹೋಪುದಾರೆ ನನ್ನನ್ನೇ ಎಳ್ಕಂಡ್ ಹೋಗ್ಲಿ."

ನಮ್ಮ ಕಡೆ ಫೈಲು ಹಿಡಿದು ಬಂದವನು ಆಸ್ತಿಪಾಸ್ತಿ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಎಳನೀರು ಕೊಟ್ಟು, ಬಡತನ ಹೇಳಿ ಕಳಿಸುತ್ತಾರೆ. ಸಿಪ್ಪೆ ಸುಲಿಯುವ ಹೆಂಗಸರೂ ಅವನ ಜೊತೆ ಸೇರಿ, ಪಾಪ ಹಳೆ ಚಪ್ಪಲಿಯಲ್ಲೇ ತಿರುಗುತ್ತಾರೆ ಎಂದು ಹೇಳಿ, ನನ್ನನ್ನು ಭಿಕಾರಿ ಮಾಡಿಟ್ಟಿದ್ದರು. ಬೇರೆ ದಿನವಾಗಿದ್ದರೆ ನಕ್ಕು ಸಾಯುತ್ತಿದ್ದೆ. ಅವತ್ತು ನನಗೆ ನಾಚಿಕೆಯಾಯಿತು. ದಾರಿಯಲ್ಲಿ ಅವನನ್ನು ಕಳ್ಳ ಅಂದುಕೊಂಡು ಬಂದಿದ್ದೆನಲ್ಲ, ಕಳ್ಳತನ ಯಾರದೆಂದು ನನಗೊಬ್ಬನಿಗೇ ಗೊತ್ತಿತ್ತು.

"ಟ್ಯಾಕ್ಸಿನವ ಅಲ್ಲ ಮಾರಾಯ" ಎಂದೆ.

"ಮತ್ತ್ ಎಂತಕ್ ಬಂದದ್ ಅವ?"

ವಿಮೆಯವನು ಎಂದುಬಿಟ್ಟರೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಎದ್ದು ಕಿಟಕಿಯವರೆಗೆ ಹೋದೆ, ವಾಪಸು ಬಂದೆ, ಮತ್ತೆ ಹೋದೆ. ಅವನು ಇನ್ನೂ ಹೆದರಿದ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದ, ನನ್ನ ಬಿಪಿಯ ಚಿಂತೆಯಲ್ಲಿ.

"ಎರಡ್ ಕಾರ್ಡ್ ಇದ್ದಿತ್ತ್. ಒಂದ್ರಗೆ ನಮ್ಮಿಬ್ರ ಹೆಸ್ರೂ ಬತ್ತಿತ್ತ್. ನಾ ನನ್ನೊಬ್ಬನದ್ದಕ್ಕೆ ಹಾಕ್ದೆ. ನಿಂಗ್ ಹೇಳ್ಲಿಲ್ಲ."

ಅವನು ಬೀಜದ ಎಣ್ಣೆಯಿಂದ ಕಪ್ಪಾದ ಬೆರಳುಗಳನ್ನು ಲುಂಗಿಗೆ ಒರೆಸಿಕೊಂಡ. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

"ಮುಂಚೆ ಹೇಳಿರೆ ಆತಿತ್ತಲ್ದಾ ಬಾವ" ಎಂದ. "ಆ ಟೈ ಕಟ್ದವನತ್ರ, ಮಾಲೀಕ್ರ್ ನಮ್ಮ್ ಬಾವ ಒಬ್ರೇ, ನಾ ಸಂಬ್ಳದವ ಅಂತಿದ್ದೆ."

ಆ ಸಂಜೆ ಸಂಸ್ಥೆಯ ಕಾರ್ಡಿನ ಫಾರಮ್ಮು ಅವನ ಮುಂದಿಟ್ಟು, ಮೊದಲ ಸಹಿ ನಿನ್ನದೇ ಎಂದೆ. ಅವನು ಮೇಲಿನ ಗೆರೆ ಖಾಲಿ ಬಿಟ್ಟು, ಕೆಳಗಿನದರಲ್ಲಿ ಸಹಿ ಹಾಕಿ, ಬಾಯ್ಲರ್ ನೋಡಲು ಎದ್ದುಹೋದ.